ಮಾತ್ರೆ ನುಂಗುವ ಮೊದಲು ಬಾಯಿ ಬಿಟ್ಟು ಕೇಳಿ

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಒಂದು ವಾರ ಆಗಿತ್ತು. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ತಲೆ ಸುತ್ತುತ್ತಿತ್ತು, ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಆಸ್ಪತ್ರೆಯ ಸುಸ್ತು ಇನ್ನೂ ಇಳಿದಿಲ್ಲ ಅಂತ ನಾವೆಲ್ಲ ಅಂದುಕೊಂಡೆವು. ಎಂಟನೇ ದಿನ ಅವರ ಮಾತ್ರೆ ಡಬ್ಬಿ ತುಂಬಿಸಲು ಕೂತವನು ಎರಡು ಶೀಟುಗಳನ್ನು ಸುಮ್ನೆ ತಿರುಗಿಸಿ ನೋಡಿದೆ. ಒಂದು, ಅಮ್ಮ ವರ್ಷಗಳಿಂದ ನುಂಗುತ್ತಿದ್ದದ್ದು, ಇನ್ನೊಂದು ಆಸ್ಪತ್ರೆಯಲ್ಲಿ ಹೊಸದಾಗಿ ಬರೆದುಕೊಟ್ಟದ್ದು. ಕಂಪನಿ ಬೇರೆ, ಬಣ್ಣ ಬೇರೆ, ದೊಡ್ಡ ಅಕ್ಷರದ ಹೆಸರೂ ಬೇರೆ. ಆದರೆ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಎರಡರ ಮೇಲೂ ಒಂದೇ ಪದ ಇತ್ತು: ಮೆಟೊಪ್ರೊಲಾಲ್. ಬಿಪಿಗೆ, ಹೃದಯಕ್ಕೆ ಕೊಡುವ, ನಾಡಿಯನ್ನು ನಿಧಾನ ಮಾಡುವ ಔಷಧ ಅದು. ಅಂದರೆ ಎಂಟು ದಿನದಿಂದ ಅಮ್ಮ ಒಂದೇ ಔಷಧವನ್ನು ಎರಡು ಪಾಲು ನುಂಗುತ್ತಿದ್ದರು. ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ, ನಿಮಿಷಕ್ಕೆ 48, ತೀರಾ ನಿಧಾನ.

ಕೂಡಲೇ ಫೋನ್ ಮಾಡಿದೆವು. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಡಾಕ್ಟರ್ ಹೇಳಿದರು, "ಗಾಬರಿಯಲ್ಲಿ ಎರಡನ್ನೂ ಒಟ್ಟಿಗೆ ನಿಲ್ಲಿಸಿಬಿಡಬೇಡಿ, ಅದೂ ಅಪಾಯ" ಅಂತಲೂ ಹೇಳಿ ಅವತ್ತೇ ಕರೆದುಕೊಂಡು ಬರಲು ಹೇಳಿದರು. ಅಮ್ಮ ಹುಷಾರಾದರು.

ಆಮೇಲೆ ಕೂತು ಯೋಚಿಸಿದೆ. ಆಸ್ಪತ್ರೆಗೆ ಸೇರಿಸುವಾಗ "ಏನೇನು ಮಾತ್ರೆ ತಗೋತೀರಿ?" ಅಂತ ಅವರು ಕೇಳಿದ್ದು ನಿಜ. ಅಮ್ಮ "ಒಂದು ಬಿಪಿ ಮಾತ್ರೆ" ಅಂದರು. ಪಕ್ಕದಲ್ಲಿದ್ದ ನನಗೂ ಅದರ ಹೆಸರು ಗೊತ್ತಿರಲಿಲ್ಲ. ಮನೆಗೆ ಕಳಿಸುವಾಗ ಹೊಸ ಚೀಟಿ ಕೊಟ್ಟರು. ಹಳೆಯದನ್ನು ಬಿಡಬೇಕಾ ಅಂತ ನಾವು ಕೇಳಲಿಲ್ಲ, ಬಿಡಿ ಅಂತ ಅವರೂ ಹೇಳಲಿಲ್ಲ. ಔಷಧ ಸರಿಯಾಗಿಯೇ ಇತ್ತು, ಬರೆದವರು ತಿಳಿದವರೇ. ನಡುವೆ ಆಗಬೇಕಿದ್ದ ಒಂದು ಮಾತು ಆಗಿರಲಿಲ್ಲ.

ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ ತಗೊಳ್ಳಿ, ಯಾವುದು ಬಿಡಿ ಅಂತ ಹೇಳಲು ಬರೆಯುತ್ತಿಲ್ಲ. ಅವತ್ತಿನಿಂದ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಹತ್ತಿರ ಏನು ಹೇಳಬೇಕು, ಏನು ಕೇಳಬೇಕು ಅನ್ನೋದನ್ನು ಒಂದೊಂದಾಗಿ ಕಲಿತೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಒಂದು ಪಟ್ಟಿ

ಬಿಪಿ ಮಾತ್ರೆ, ಶುಗರ್ ಮಾತ್ರೆ, "ಆ ಬಿಳಿ ಗುಂಡು ಮಾತ್ರೆ" ಇವು ಯಾವುದೂ ಹೆಸರಲ್ಲ. ಬಿಪಿಗೆ ಕೊಡುವ ಔಷಧಗಳೇ ಹತ್ತಾರು ಬಗೆ, ಒಂದೊಂದು ಒಂದೊಂದು ರೀತಿ ಕೆಲಸ ಮಾಡುತ್ತದೆ. ಬಣ್ಣ, ಆಕಾರ ಕಂಪನಿ ಬದಲಾದರೆ ಬದಲಾಗುತ್ತದೆ. ನಿಮಗೆ ಬೇಕಾದದ್ದು ಒಳಗಿರುವ ಔಷಧದ ಹೆಸರು. ಶೀಟಿನ ಮೇಲೆ ದೊಡ್ಡದಾಗಿ ಕಾಣುವುದು ಸಾಮಾನ್ಯವಾಗಿ ಕಂಪನಿ ಇಟ್ಟ ಹೆಸರು. ಅದರ ಹತ್ತಿರ ಸಣ್ಣದಾಗಿ, ಎಷ್ಟು ಮಿಲಿಗ್ರಾಂ ಅನ್ನೋದರ ಜೊತೆ ಇರುವುದೇ ಔಷಧದ ನಿಜವಾದ ಹೆಸರು. ಅದನ್ನು ನೋಡಿ ಬರೆದುಕೊಳ್ಳಿ, ಓದಲು ಆಗದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಒಂದು ಸಾಲಿಗೆ ಒಂದು ಔಷಧ. ಹೆಸರು, ಎಷ್ಟು ಮಿಲಿಗ್ರಾಂ, ದಿನದಲ್ಲಿ ಯಾವಾಗ, ಯಾವ ತೊಂದರೆಗೆ, ಯಾರು ಬರೆದುಕೊಟ್ಟದ್ದು, ಯಾವಾಗ ಶುರುವಾದದ್ದು. "ಯಾವ ತೊಂದರೆಗೆ" ಅನ್ನೋ ಜಾಗ ಖಾಲಿ ಉಳಿದರೆ, ಅಂದರೆ ನೀವು ದಿನಾ ನುಂಗುತ್ತಿರುವ ಮಾತ್ರೆ ಯಾತಕ್ಕೆ ಅಂತ ನಿಮಗೇ ಗೊತ್ತಿಲ್ಲದಿದ್ದರೆ, ಮುಂದಿನ ಸಲ ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಅಮ್ಮನ ಪಟ್ಟಿಯಲ್ಲಿ ಅಂಥದ್ದು ಎರಡು ಇದ್ದವು. ಕೇಳಿದ ಮೇಲೆ ಒಂದನ್ನು ನಿಲ್ಲಿಸಿಯೇ ಬಿಟ್ಟರು.

ಪಟ್ಟಿ ಮಾಡುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಔಷಧ ಅಂದರೆ ನುಂಗುವ ಮಾತ್ರೆ ಮಾತ್ರ ಅಂದುಕೊಳ್ಳುತ್ತೇವೆ. ಕಣ್ಣಿಗೆ ಹಾಕುವ ಹನಿ, ಇನ್‌ಹೇಲರ್, ಇನ್ಸುಲಿನ್, ಚರ್ಮಕ್ಕೆ ಅಂಟಿಸುವ ಪಟ್ಟಿ, ಮುಲಾಮು, ಗರ್ಭ ನಿಲ್ಲದಿರಲು ತಗೊಳ್ಳುವ ಮಾತ್ರೆ, ವಿಟಮಿನ್, ಚೀಟಿ ಇಲ್ಲದೆ ತಂದ ನೋವಿನ ಮಾತ್ರೆ, ಗಿಡಮೂಲಿಕೆ ಪುಡಿ ಎಲ್ಲವೂ ಪಟ್ಟಿಗೆ ಬರಬೇಕು. ಗ್ಲಾಕೋಮಾಕ್ಕೆ, ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿ ಬರುವ ಕಾಯಿಲೆಗೆ, ಕೊಡುವ ಟಿಮೊಲಾಲ್ ಅನ್ನೋ ಕಣ್ಣಿನ ಹನಿಯನ್ನೇ ನೋಡಿ. ಹಾಕುವುದು ಕಣ್ಣಿಗೆ, ಆದರೆ ಅದರಲ್ಲಿ ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಆಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು, ನಾಡಿ ನಿಧಾನ ಆಗಬಹುದು. ಸೇಂಟ್ ಜಾನ್ಸ್ ವರ್ಟ್ ಅಂತ ಮನಸ್ಸಿನ ಬೇಸರಕ್ಕೆ ಜನ ತಾವೇ ಕೊಂಡು ತಗೊಳ್ಳುವ ಒಂದು ಮೂಲಿಕೆ ಇದೆ, ಅದು ಗರ್ಭನಿರೋಧಕ ಮಾತ್ರೆಯ ಮತ್ತು ರಕ್ತ ತೆಳುಮಾಡುವ ವಾರ್ಫರಿನ್‌ನ ಬಲವನ್ನೇ ಕುಗ್ಗಿಸುತ್ತದೆ. "ಗಿಡದ್ದು ತಾನೆ, ಏನೂ ಮಾಡಲ್ಲ" ಅನ್ನೋ ಮಾತು ನಂಬಬೇಡಿ. ಏನೋ ಒಂದು ಮಾಡುತ್ತದೆ ಅಂತಲೇ ಅಲ್ವಾ ತಗೊಳ್ಳುವುದು?

ಬರೆಯಲು ಕಷ್ಟ ಅನ್ನಿಸಿದರೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಟ್ಟುಬಿಡಿ. ಇದಕ್ಕೆ ಸಂಕೋಚ ಬೇಡ, ಅನೇಕ ಡಾಕ್ಟರುಗಳು ತಾವಾಗಿಯೇ ಹಾಗೆ ತರಲು ಹೇಳುತ್ತಾರೆ. ಇನ್ನೊಂದು ಸಣ್ಣ ವಿಷಯ: ಶೀಟಿನಿಂದ ಮಾತ್ರೆ ಕತ್ತರಿಸಿ ತೆಗೆಯುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನ ಇರುವ ತುದಿಯನ್ನು ಕೊನೆವರೆಗೂ ಉಳಿಸಿಕೊಳ್ಳಿ.

ಡಾಕ್ಟರ್ ಕೇಳದಿದ್ದರೂ ಹೇಳಬೇಕಾದದ್ದು

ಅಲರ್ಜಿ ಇದ್ದರೆ ಮೊದಲು ಅದನ್ನು ಹೇಳಿ. ಆದರೆ "ನನಗೆ ಪೆನಿಸಿಲಿನ್ ಆಗಲ್ಲ" ಅಂತ ಹೇಳಿ ಸುಮ್ಮನಾಗಬೇಡಿ. ಏನಾಯಿತು ಅಂತ ಹೇಳಿ. ಮೈಯೆಲ್ಲ ದದ್ದು ಎದ್ದು ತುಟಿ ಊದಿಕೊಂಡಿತಾ, ಉಸಿರಾಡಲು ಕಷ್ಟ ಆಯಿತಾ, ಅಥವಾ ಹೊಟ್ಟೆ ಕೆಟ್ಟು ಎರಡು ಸಲ ಭೇದಿ ಆಯಿತಾ? ಮೊದಲಿನದು ಅಲರ್ಜಿ, ಮತ್ತೆ ಆದರೆ ಜೀವಕ್ಕೇ ಅಪಾಯ. ಹೊಟ್ಟೆ ಕೆಡುವುದು ಸೈಡ್ ಎಫೆಕ್ಟ್, ಅದಕ್ಕೆ ದಾರಿ ಇರುತ್ತದೆ. ಅಮೆರಿಕದಲ್ಲಿ ಸುಮಾರು 10% ಜನ ತಮಗೆ ಪೆನಿಸಿಲಿನ್ ಅಲರ್ಜಿ ಅಂತ ಹೇಳುತ್ತಾರೆ, ಸರಿಯಾಗಿ ಪರೀಕ್ಷೆ ಮಾಡಿದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಅಲರ್ಜಿ ಇರುವುದೇ ಇಲ್ಲ. ಚಿಕ್ಕವರಿದ್ದಾಗ ಯಾವಾಗಲೋ ಆದದ್ದು, ಮನೆಯವರು ಹೇಳಿದ್ದು, ಹಾಗೇ ದಾಖಲೆಗೆ ಸೇರಿ ಉಳಿದುಬಿಟ್ಟಿರುತ್ತದೆ. ಅದರಿಂದಾಗಿ ಒಳ್ಳೆ ಔಷಧ ಬಿಟ್ಟು ಬೇರೆ ಏನೋ ಕೊಡಬೇಕಾಗುತ್ತದೆ. ನಿಮ್ಮದೂ ಹಾಗೇ ಇರಬಹುದು ಅನ್ನಿಸಿದರೆ ಪರೀಕ್ಷೆ ಮಾಡಿಸಬಹುದಾ ಅಂತ ಕೇಳಿ, ಮನೆಯಲ್ಲಿ ನೀವೇ ಮಾತ್ರೆ ನುಂಗಿ ನೋಡುವ ಸಾಹಸ ಮಾತ್ರ ಬೇಡ.

ಗರ್ಭಿಣಿ ಆಗಿದ್ದರೆ, ಆಗಿರಬಹುದು ಅನ್ನಿಸಿದರೆ, ಮಗು ಬೇಕು ಅಂತ ಅಂದುಕೊಂಡಿದ್ದರೆ, ಹಾಲೂಡಿಸುತ್ತಿದ್ದರೆ ಹೇಳಿ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಮೂರ್ಛೆ ರೋಗಕ್ಕೆ ಕೊಡುವ ವಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ತುಂಬಾ ಹಾನಿ ಮಾಡಬಲ್ಲವು. ಆದರೆ ಈ ವಿಷಯ ಕೇಳಿ ಹೆದರಿ ಮೂರ್ಛೆಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಿದರೆ ಅದು ಇನ್ನೊಂದು ಅಪಾಯ, ಅದನ್ನು ಡಾಕ್ಟರ್ ಜೊತೆ ಕೂತು ಬದಲಾಯಿಸಿಕೊಳ್ಳಬೇಕು. ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದರೆ ಅದನ್ನೂ ಹೇಳಿ, ಏಕೆಂದರೆ ಔಷಧವನ್ನು ಮೈಯಿಂದ ಹೊರಗೆ ಹಾಕುವುದೇ ಅವು.

ಇನ್ನು ನಾಚಿಕೆಯ ವಿಷಯಗಳು. ಕುಡಿಯುತ್ತೀರಾ, ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ, ನಿದ್ದೆ ಮಾತ್ರೆ ಮತ್ತು ಮದ್ಯ ಸೇರಿದರೆ ಉಸಿರೇ ನಿಧಾನ ಆಗಬಹುದು. ಗಂಡಸರು ಲೈಂಗಿಕ ತೊಂದರೆಗೆ ಸಿಲ್ಡೆನಾಫಿಲ್ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಜೊತೆ ಅದು ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ, ಜೀವ ಹೋಗಬಹುದು. ಹೆಂಡತಿ ಮಕ್ಕಳ ಮುಂದೆ ಹೇಳಲು ಆಗದಿದ್ದರೆ "ಡಾಕ್ಟರೇ, ಎರಡು ನಿಮಿಷ ಒಬ್ಬನೇ ಮಾತಾಡಬೇಕು" ಅನ್ನಿ. ಅವರಿಗೆ ಇದು ಹೊಸದೇನಲ್ಲ.

ನುಂಗದೇ ಇದ್ದ ಮಾತ್ರೆಯ ಬಗ್ಗೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸುಳ್ಳು ಜಾಸ್ತಿ ಹೇಳುವುದು ಇಲ್ಲೇ. "ಮಾತ್ರೆ ಸರಿಯಾಗಿ ತಗೋತಿದೀರಾ?" ಅಂತ ಡಾಕ್ಟರ್ ಕೇಳುತ್ತಾರೆ, ನಾವು "ಹೂಂ" ಅಂತ ತಲೆ ಆಡಿಸುತ್ತೇವೆ. ಬೈಸಿಕೊಳ್ಳುವುದು ಬೇಡ ಅಂತ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು, ಮುಂದುವರಿದ ದೇಶಗಳಲ್ಲಿ ಕೂಡ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಹೇಳಿದ ಹಾಗೆ ಔಷಧ ತಗೊಳ್ಳುವವರು ಸುಮಾರು ಅರ್ಧದಷ್ಟು ಮಾತ್ರ ಅಂತ. ಹಾಗಾಗಿ ಬಿಟ್ಟವರು ನೀವೊಬ್ಬರೇ ಅಲ್ಲ.

ಆ ಸುಳ್ಳಿನ ಅಪಾಯ ಹೀಗಿದೆ. ನೀವು ವಾರಕ್ಕೆ ನಾಲ್ಕು ದಿನ ಮಾತ್ರ ಬಿಪಿ ಮಾತ್ರೆ ನುಂಗುತ್ತೀರಿ ಅಂದುಕೊಳ್ಳಿ. ಡಾಕ್ಟರ್ ಬಿಪಿ ನೋಡುತ್ತಾರೆ, ಜಾಸ್ತಿ ಇರುತ್ತದೆ. "ದಿನಾ ತಗೋತೀನಿ" ಅಂತ ನೀವು ಹೇಳಿದ್ದೀರಿ. ಹಾಗಾದರೆ ಈ ಔಷಧ ಸಾಲುತ್ತಿಲ್ಲ ಅಂತ ಅವರು ಲೆಕ್ಕ ಹಾಕುತ್ತಾರೆ, ಮಿಲಿಗ್ರಾಂ ಜಾಸ್ತಿ ಮಾಡುತ್ತಾರೆ ಅಥವಾ ಇನ್ನೊಂದು ಸೇರಿಸುತ್ತಾರೆ. ನೀವು ಹೆದರಿ ಅವತ್ತಿನಿಂದ ನಿಯತ್ತಾಗಿ ಎಲ್ಲವನ್ನೂ ನುಂಗಲು ಶುರು ಮಾಡುತ್ತೀರಿ. ಒಂದು ವಾರದಲ್ಲಿ ಬಿಪಿ ಬೇಕಾದ್ದಕ್ಕಿಂತ ಕೆಳಗೆ ಇಳಿದು ಬಚ್ಚಲಲ್ಲಿ ಬೀಳುತ್ತೀರಿ. ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ಯಾಕೆ ಬಿಟ್ಟಿರಿ ಅನ್ನೋದೂ ಮುಖ್ಯ. ಮರೆತುಹೋಗುತ್ತದೆ ಅಂದರೆ ದಿನಕ್ಕೆ ಮೂರು ಸಲದ ಬದಲು ಒಂದೇ ಸಲ ತಗೊಳ್ಳುವಂಥದ್ದು ಕೊಡಬಹುದು. ನುಂಗಿದರೆ ಒಣಕೆಮ್ಮು ಬರುತ್ತದೆ ಅಂದರೆ ಔಷಧವನ್ನೇ ಬದಲಾಯಿಸಬಹುದು, ಎನಲಾಪ್ರಿಲ್, ರಾಮಿಪ್ರಿಲ್ ತರಹದ ಬಿಪಿ ಔಷಧಗಳಿಂದ ಕೆಲವರಿಗೆ ಕೆಮ್ಮು ಬರುವುದು ಡಾಕ್ಟರುಗಳಿಗೆಲ್ಲ ಗೊತ್ತಿರುವ ಸಂಗತಿ. ದುಡ್ಡು ಸಾಲದೆ ಅರ್ಧ ಅರ್ಧ ಮಾಡಿ ನುಂಗುತ್ತಿದ್ದರೆ ಅದನ್ನೂ ಹೇಳಿಬಿಡಿ. ಅದೇ ಔಷಧ ಕಡಿಮೆ ಬೆಲೆಗೆ ಬೇರೆ ಕಂಪನಿಯದು ಸಿಗಬಹುದು. ಕಾರಣ ಗೊತ್ತಾದರೆ ತಾನೆ ಅವರು ಏನಾದರೂ ಮಾಡಲು ಆಗುವುದು. ಹೇಳುವುದು ಹೇಗೆ ಅಂತ ಗೊತ್ತಾಗದಿದ್ದರೆ ಇಷ್ಟು ಸಾಕು: "ಡಾಕ್ಟರೇ, ಇದನ್ನ ದಿನಾ ತಗೊಳ್ಳೋಕೆ ಆಗ್ತಿಲ್ಲ. ವಾರದಲ್ಲಿ ಎರಡು ಮೂರು ದಿನ ತಪ್ಪುತ್ತೆ."

ಚೀಟಿ ಕೈಗೆ ಬಂದಾಗ

ಎದ್ದು ಹೊರಡುವ ಮೊದಲು ಒಂದು ನಿಮಿಷ ಕೂತುಕೊಳ್ಳಿ. ಹೊರಗೆ ಜನ ಕಾಯುತ್ತಿದ್ದಾರೆ, ಡಾಕ್ಟರ್ ಕೈ ಆಗಲೇ ಗಂಟೆ ಒತ್ತಲು ಹೋಗಿದೆ, ನನಗೂ ಆಗ ಕುರ್ಚಿ ಬಿಟ್ಟು ಎದ್ದುಬಿಡಬೇಕು ಅನ್ನಿಸುತ್ತದೆ. ಆದರೂ ಕೇಳಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: "ಇದು ಹಳೆಯದರ ಬದಲಿಗಾ, ಅದರ ಜೊತೆಗಾ?" ಅಮ್ಮನ ಎಂಟು ದಿನದ ತಲೆಸುತ್ತು ಈ ಒಂದು ಪ್ರಶ್ನೆಯಿಂದ ತಪ್ಪುತ್ತಿತ್ತು.

ಆಮೇಲೆ, ಎಷ್ಟು ದಿನ? ಐದು ದಿನಕ್ಕೆ ಮುಗಿಯುವುದಾ, ಮತ್ತೆ ತೋರಿಸುವ ತನಕವಾ, ಜೀವನಪೂರ್ತಿಯಾ? ಎಷ್ಟೋ ಜನ ಅಸಿಡಿಟಿ ಮಾತ್ರೆಯನ್ನು ಎರಡು ವಾರಕ್ಕೆ ಅಂತ ಶುರು ಮಾಡಿ ವರ್ಷಗಟ್ಟಲೆ ನುಂಗುತ್ತಿರುತ್ತಾರೆ, ನಿಲ್ಲಿಸಿ ಅಂತ ಯಾರೂ ಹೇಳಿರುವುದಿಲ್ಲ.

ಯಾವಾಗ, ಹೇಗೆ ಅಂತ ಬಿಡಿಸಿ ಕೇಳಿ. "ಖಾಲಿ ಹೊಟ್ಟೆಯಲ್ಲಿ" ಅಂದರೆ ತಿಂಡಿಗೆ ಎಷ್ಟು ಮೊದಲು? ಥೈರಾಯ್ಡ್‌ಗೆ ಕೊಡುವ ಲೆವೊಥೈರಾಕ್ಸಿನ್ ಅನ್ನು ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಬರೀ ನೀರಿನಲ್ಲಿ ತಗೊಳ್ಳಬೇಕು, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ಅದಕ್ಕೂ ಇದಕ್ಕೂ 4 ಗಂಟೆ ಅಂತರ ಇರಬೇಕು. ಇಲ್ಲದಿದ್ದರೆ ಹೊಟ್ಟೆಗೆ ಹೋದ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ನುಂಗಿದರೆ ಒಂದು ಲೋಟ ತುಂಬಾ ನೀರು ಕುಡಿದು ಕನಿಷ್ಠ 30 ನಿಮಿಷ ಮಲಗದೆ ಇರಬೇಕು, ಮಲಗಿದರೆ ಅದು ಅನ್ನನಾಳವನ್ನು ಸುಡಬಹುದು. ಇಂಥವನ್ನೆಲ್ಲ ಚೀಟಿ ನೋಡಿದರೆ ಊಹಿಸಲು ಆಗುವುದಿಲ್ಲ, ಕೇಳಿಯೇ ತಿಳಿಯಬೇಕು.

ಚೀಟಿಯಲ್ಲಿ 1-0-1 ಅಂತ ಇದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓಡಿ (OD) ಅಂದರೆ ದಿನಕ್ಕೆ ಒಂದು ಸಲ, ಬಿಡಿ (BD) ಅಂದರೆ ಎರಡು ಸಲ, ಟಿಡಿಎಸ್ (TDS) ಅಂದರೆ ಮೂರು ಸಲ, ಎಚ್‌ಎಸ್ (HS) ಅಂದರೆ ಮಲಗುವ ಹೊತ್ತಿಗೆ, ಎಸ್‌ಓಎಸ್ (SOS) ಅಂದರೆ ಬೇಕಾದಾಗ ಮಾತ್ರ. ಇವೆಲ್ಲ ಗೊತ್ತಿದ್ದರೂ ಊಹೆ ಮಾಡಬೇಡಿ, ಏಕೆಂದರೆ ಇದೇ ಓಡಿ ಅನ್ನೋದಕ್ಕೆ ಕಣ್ಣಿನ ಡಾಕ್ಟರ ಚೀಟಿಯಲ್ಲಿ ಬಲಗಣ್ಣು ಅಂತ ಅರ್ಥ ಇದೆ. "ಬೇಕಾದಾಗ" ಅಂತ ಬರೆದಿದ್ದರೆ ಒಂದು ದಿನಕ್ಕೆ ಜಾಸ್ತಿ ಅಂದರೆ ಎಷ್ಟು, ಎಷ್ಟು ಗಂಟೆ ಬಿಟ್ಟು ಅಂತ ಕೇಳಲೇಬೇಕು. ಪ್ಯಾರಾಸಿಟಮಾಲ್ ದೊಡ್ಡವರಿಗೆ ದಿನಕ್ಕೆ 4000 ಮಿಲಿಗ್ರಾಂ ದಾಟಬಾರದು ಅನ್ನೋದು ಸಾಮಾನ್ಯ ಮಿತಿ, ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಜ್ವರಕ್ಕೆ ಒಂದು, ನೆಗಡಿಗೆ ಒಂದು, ಮೈಕೈ ನೋವಿಗೆ ಒಂದು ಅಂತ ಮೂರು ಬೇರೆ ಬೇರೆ ಮಾತ್ರೆ ತಂದಿರುತ್ತೀರಿ, ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಲಿವರ್ ಹಾಳಾಗುತ್ತಿದ್ದರೂ ಮೊದಲ ದಿನ ಏನೂ ಗೊತ್ತಾಗುವುದಿಲ್ಲ.

ಒಂದು ಔಷಧದ ಹೆಸರನ್ನು ನೀವು ನೆನಪಿಟ್ಟುಕೊಂಡರೆ ಒಳ್ಳೆಯದು: ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಇದನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ. ಎಲ್ಲ ಮಾತ್ರೆಯ ಹಾಗೆ ದಿನಾ ನುಂಗಿ ಸತ್ತವರು ಇದ್ದಾರೆ. ಮನೆಯಲ್ಲಿ ಯಾರಿಗಾದರೂ ಇದನ್ನು ಬರೆದಿದ್ದರೆ "ವಾರದಲ್ಲಿ ಯಾವ ದಿನ?" ಅಂತ ಕೇಳಿ, ಸೋಮವಾರವೋ ಗುರುವಾರವೋ, ಚೀಟಿಯ ಮೇಲೆ, ಡಬ್ಬಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ.

ಕೊನೆಗೆ, ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ. "ಸರಿ ಡಾಕ್ಟರೇ, ಈ ಹೊಸ ಮಾತ್ರೆ ಬೆಳಿಗ್ಗೆ ತಿಂಡಿ ಆದಮೇಲೆ ಒಂದು, ಹಳೇ ಮಾತ್ರೆ ಪೂರ್ತಿ ಬಂದ್, ಹದಿನೈದು ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿಕೊಂಡು ಬರಬೇಕು, ಅಲ್ವಾ?" ಅರ್ಧ ನಿಮಿಷ ಸಾಕು. ತಪ್ಪು ತಿಳಿದುಕೊಂಡಿದ್ದರೆ ಅಲ್ಲೇ ತಿದ್ದುತ್ತಾರೆ. ನಾನು ಕಲಿತ ಎಲ್ಲದರಲ್ಲಿ ಇದೇ ಜಾಸ್ತಿ ಕೆಲಸಕ್ಕೆ ಬಂದಿದೆ, ಎರಡು ಸಲ ನಾನು ಹೇಳಿದ್ದನ್ನು ಡಾಕ್ಟರ್ "ಅಲ್ಲ ಅಲ್ಲ, ಹಾಗಲ್ಲ" ಅಂತ ತಡೆದಿದ್ದಾರೆ.

ಔಷಧ ಅಂಗಡಿಯಲ್ಲಿ

ಫಾರ್ಮಸಿಸ್ಟ್ ಅಂದರೆ ದುಡ್ಡು ತಗೊಂಡು ಮಾತ್ರೆ ಕೊಡುವವರು ಅಂತ ತಿಳಿದಿದ್ದೇವೆ. ಅವರು ಔಷಧವನ್ನೇ ಓದಿದವರು, ಅಪಾಯಿಂಟ್‌ಮೆಂಟ್ ಇಲ್ಲದೆ ಸಿಗುವವರು. ನಿಮ್ಮ ಪಟ್ಟಿ ತೋರಿಸಿ, "ಇದರಲ್ಲಿ ಯಾವುದಾದರೂ ಒಂದಕ್ಕೊಂದು ಆಗಿಬರಲ್ವಾ ನೋಡಿ" ಅನ್ನಿ. ಚೀಟಿ ಇಲ್ಲದೆ ನೋವಿನ ಮಾತ್ರೆ ತಗೊಳ್ಳುವಾಗಲೂ ಕೇಳಿ. ವಾರ್ಫರಿನ್ ತಗೊಳ್ಳುವವರು ಐಬುಪ್ರೊಫೆನ್ ನುಂಗಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ಬಿಪಿ ಮಾತ್ರೆ ತಗೊಳ್ಳುವವರಿಗೆ ಅದೇ ಐಬುಪ್ರೊಫೆನ್ ಬಿಪಿ ಏರಿಸಬಹುದು, ಕಿಡ್ನಿಗೂ ಹೊರೆ.

ಕೊಟ್ಟ ಪೊಟ್ಟಣವನ್ನು ಅಲ್ಲೇ ತೆರೆದು ಚೀಟಿಯ ಜೊತೆ ಹೋಲಿಸಿ, ಹೆಸರು ಮತ್ತು ಮಿಲಿಗ್ರಾಂ ಎರಡನ್ನೂ. ಹೆಸರುಗಳು ಒಂದರ ಹಾಗೆ ಇನ್ನೊಂದು ಕೇಳಿಸುತ್ತವೆ. ಲೋಸೆಕ್ ಅನ್ನೋ ಅಸಿಡಿಟಿ ಔಷಧ ಮತ್ತು ಲಾಸಿಕ್ಸ್ ಅನ್ನೋ ಮೂತ್ರ ಜಾಸ್ತಿ ಮಾಡುವ ಔಷಧ ಅದಲುಬದಲಾಗುತ್ತಿದ್ದವು ಅಂತ 1990ರಲ್ಲಿ ಅಮೆರಿಕದಲ್ಲಿ ಮೊದಲಿನದರ ಹೆಸರನ್ನೇ ಪ್ರಿಲೋಸೆಕ್ ಅಂತ ಬದಲಾಯಿಸಿದರು. ಹೋದ ಸಲದ್ದಕ್ಕಿಂತ ಬೇರೆ ಬಣ್ಣದ್ದು ಕೊಟ್ಟರೆ "ಇದು ಅದೇನಾ, ಕಂಪನಿ ಮಾತ್ರ ಬೇರೆನಾ?" ಅಂತ ಕೇಳಿ. ಬಹಳ ಸಲ ಅದೇ ಔಷಧ ಇರುತ್ತದೆ, ಆದರೂ ಕೇಳಿ.

ಮಾತ್ರೆ ನುಂಗಲು ಆಗದವರು ಪುಡಿ ಮಾಡುವ ಮೊದಲು ಕೇಳಬೇಕು. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್ ಅಂತ ಇದ್ದರೆ ಅದು ಇಡೀ ದಿನ ನಿಧಾನವಾಗಿ ಬಿಡುಗಡೆ ಆಗುವ ಮಾತ್ರೆ. ಪುಡಿ ಮಾಡಿದರೆ ದಿನವಿಡೀ ಹೋಗಬೇಕಾದ ಔಷಧ ಒಂದೇ ಏಟಿಗೆ ಮೈಗೆ ಹೋಗುತ್ತದೆ. ಮಕ್ಕಳ ಸಿರಪ್ ಆದರೆ ಮಗುವಿನ ತೂಕ ಹೇಳಿ, ಎಷ್ಟು ಮಿಲಿ ಅಂತ ಕೇಳಿ, ಗುರುತು ಇರುವ ಸಿರಿಂಜೋ ಅಳತೆ ಲೋಟವೋ ಜೊತೆಗೆ ತಗೊಳ್ಳಿ. ಅಡುಗೆಮನೆ ಚಮಚ ಬೇಡ, ಒಂದೊಂದು ಒಂದೊಂದು ಅಳತೆ.

ಮನೆಗೆ ಬಂದ ಮೇಲೆ

ಹೊಸ ಔಷಧ ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಆಮೇಲೆ ಮೈಯಲ್ಲಿ ಏನಾದರೂ ಹೊಸದಾಗಿ ಕಂಡರೆ ಯಾವ ದಿನ ಅಂತ ಅದನ್ನೂ ಬರೆಯಿರಿ. ಏಕೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಬಿಪಿಗೆ ಆಮ್ಲೊಡಿಪಿನ್ ಕೊಟ್ಟರು. ಅದರಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಊತಕ್ಕೆ ಅಂತ ಬೇರೆ ಡಾಕ್ಟರ್ ಹತ್ತಿರ ಹೋದರೆ, ಮಾತ್ರೆಯ ವಿಷಯ ಹೇಳದಿದ್ದರೆ, ಅವರು ನೀರು ಇಳಿಸಲು ಮೂತ್ರದ ಮಾತ್ರೆ ಕೊಟ್ಟರು. ಈಗ ರಾತ್ರಿ ಮೂರು ಸಲ ಏಳಬೇಕು, ನಿದ್ದೆ ಇಲ್ಲ. ನಿದ್ದೆಗೆ ಇನ್ನೊಂದು ಮಾತ್ರೆ. ಅದರ ಮಂಪರಿನಲ್ಲಿ ಕತ್ತಲಲ್ಲಿ ಎದ್ದು ಬಿದ್ದರು. ಮೊದಲ ಮಾತ್ರೆಯ ಸೈಡ್ ಎಫೆಕ್ಟನ್ನು ಹೊಸ ಕಾಯಿಲೆ ಅಂದುಕೊಂಡದ್ದರಿಂದ ಇಷ್ಟು ದೂರ ಬಂತು. ಹಾಗಾಗಿ ಹೊಸ ತೊಂದರೆ ಹೇಳುವಾಗಲೆಲ್ಲ ಈ ಮಾತನ್ನೂ ಸೇರಿಸಿ: "ಇದು ನಾನು ತಗೊಳ್ಳುತ್ತಿರುವ ಯಾವುದಾದರೂ ಮಾತ್ರೆಯಿಂದ ಇರಬಹುದಾ?"

ಸೈಡ್ ಎಫೆಕ್ಟ್ ಅಂತ ಅನುಮಾನ ಬಂದರೆ ನೀವಾಗಿಯೇ ನಿಲ್ಲಿಸುವ ಮೊದಲು ಫೋನ್ ಮಾಡಿ. ಮೆಟೊಪ್ರೊಲಾಲ್ ಥರದ ಹೃದಯದ ಮಾತ್ರೆ ತಟಕ್ಕನೆ ಬಿಟ್ಟರೆ ಎದೆನೋವು, ಹೃದಯಾಘಾತ ಕೂಡ ಆಗಬಹುದು. ಕೆಲವು ವಾರ ಸ್ಟಿರಾಯ್ಡ್ ಮಾತ್ರೆ ತಗೊಂಡವರು ಒಮ್ಮೆಗೇ ನಿಲ್ಲಿಸಬಾರದು, ಮೈ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಅದು ಮತ್ತೆ ಶುರುವಾಗಲು ಸಮಯ ಬೇಕು. ಮೂರ್ಛೆಯ, ಮನಸ್ಸಿನ ಕಾಯಿಲೆಯ ಮಾತ್ರೆಗಳೂ ಹಾಗೆಯೇ, ನಿಧಾನವಾಗಿ ಇಳಿಸಬೇಕು.

ಫೋನಿನಲ್ಲಿ "ಮಾತ್ರೆ ಆಗ್ತಿಲ್ಲ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ: "ಅಮ್ಮನಿಗೆ 71 ವರ್ಷ. ಆಮ್ಲೊಡಿಪಿನ್ 5 ಮಿಲಿಗ್ರಾಂ ಸೋಮವಾರ ಶುರು ಮಾಡಿದ್ದು. ಗುರುವಾರದಿಂದ ಎರಡೂ ಪಾದ ಊದಿದೆ, ಒತ್ತಿದರೆ ಗುಳಿ ಬೀಳುತ್ತೆ. ಉಸಿರಾಟ ಚೆನ್ನಾಗಿದೆ. ಇವತ್ತಿನ ಮಾತ್ರೆ ಇನ್ನೂ ಕೊಟ್ಟಿಲ್ಲ, ಕೊಡಬೇಕಾ?" ಯಾರಿಗೆ, ಯಾವ ಔಷಧ, ಯಾವತ್ತಿನಿಂದ, ಏನಾಗಿದೆ ಎಲ್ಲ ಬಂತು.

ಮಾತ್ರೆ ಒಂದು ಹೊತ್ತು ಮರೆತರೆ ಏನು ಮಾಡಬೇಕು ಅನ್ನೋದನ್ನು ಮೊದಲೇ ಕೇಳಿಟ್ಟುಕೊಳ್ಳಿ, ಔಷಧದಿಂದ ಔಷಧಕ್ಕೆ ಬೇರೆ ಇರುತ್ತದೆ. ಮರೆತದ್ದಕ್ಕೆ ಅಂತ ಎರಡು ಒಟ್ಟಿಗೆ ನುಂಗುವುದು ಮಾತ್ರ ಯಾರೂ ಹೇಳದೆ ಮಾಡಬೇಡಿ.

ಕೆಲವು ಇವೆ, ಅವಕ್ಕೆ ಫೋನ್ ಮಾಡುತ್ತಾ ಕೂರಬಾರದು, ನೇರ ತುರ್ತು ಚಿಕಿತ್ಸೆಗೆ ಓಡಬೇಕು. ತುಟಿ, ನಾಲಿಗೆ, ಮುಖ ಊದುವುದು, ಉಸಿರು ಕಟ್ಟುವುದು, ಪ್ರಜ್ಞೆ ತಪ್ಪುವುದು. ಜ್ವರದ ಜೊತೆ ಚರ್ಮದಲ್ಲಿ ಗುಳ್ಳೆ ಎದ್ದು ಬಾಯಿ, ಕಣ್ಣು ಹುಣ್ಣಾಗುವುದು. ರಕ್ತ ತೆಳುಮಾಡುವ ಔಷಧ ತಗೊಳ್ಳುವವರಿಗೆ ತಲೆಗೆ ಪೆಟ್ಟು ಬೀಳುವುದು ಅಥವಾ ಡಾಂಬರಿನಂತೆ ಕಪ್ಪು ಮಲ ಹೋಗುವುದು. ಹೋಗುವಾಗ ಎಲ್ಲ ಶೀಟುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.

ಡಾಕ್ಟರ್ ಬದಲಾದಾಗ, ಆಸ್ಪತ್ರೆಯಿಂದ ಮನೆಗೆ ಬರುವಾಗ

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ಹಾನಿ ತಪ್ಪಿಸಲು ಜಗತ್ತಿನಾದ್ಯಂತ ಒಂದು ಕೆಲಸ ಶುರು ಮಾಡಿತು. ಮುಖ್ಯವಾಗಿ ಗಮನ ಕೊಡಬೇಕಾದ ಸಂದರ್ಭಗಳು ಅಂತ ಅದು ಮೂರನ್ನು ಗುರುತಿಸಿತು. ಅದರಲ್ಲಿ ಒಂದು ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಹೊತ್ತು, ಇನ್ನೊಂದು ಒಬ್ಬರೇ ಅನೇಕ ಔಷಧ ತಗೊಳ್ಳುವುದು. ಅದನ್ನು ಓದಿದಾಗ ನನಗೆ ಅಮ್ಮನ ಎರಡು ಶೀಟು ಕಣ್ಣ ಮುಂದೆ ಬಂತು. ಅವರದು ಎರಡೂ ಆಗಿತ್ತು.

ಆಸ್ಪತ್ರೆಯಿಂದ ಹೊರಡುವ ದಿನ ಅವಸರ ಇರುತ್ತದೆ, ಬಿಲ್ಲು, ಗಾಡಿ, ಸಾಮಾನು ಅಂತ. ಆದರೂ ನರ್ಸ್ ಅಥವಾ ಡಾಕ್ಟರ್ ಒಬ್ಬರನ್ನು ಕೂರಿಸಿಕೊಂಡು ಹಳೇ ಪಟ್ಟಿ, ಹೊಸ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಸಾಲು ಕೇಳಿ. ಇದು ಮುಂದುವರಿಸಬೇಕಾ, ಬಿಡಬೇಕಾ, ಪ್ರಮಾಣ ಬದಲಾಯಿತಾ? ಬಿಟ್ಟದ್ದರ ಮೇಲೆ ಪೆನ್ನಿನಿಂದ ಗೀಟು ಎಳೆಯಿರಿ, ಮನೆಗೆ ಬಂದ ಕೂಡಲೇ ಆ ಶೀಟನ್ನು ಡಬ್ಬಿಯಿಂದ ತೆಗೆದು ಬೇರೆ ಇಡಿ. ನಾಲ್ಕೈದು ಔಷಧಕ್ಕಿಂತ ಜಾಸ್ತಿ ಇದ್ದರೆ ವರ್ಷಕ್ಕೆ ಒಂದು ಸಲವಾದರೂ ನಿಮ್ಮ ಖಾಯಂ ಡಾಕ್ಟರ್ ಹತ್ತಿರ ಇದೇ ವಿಷಯಕ್ಕೆ ಅಂತ ಸಮಯ ಕೇಳಿ ಹೋಗಿ, "ಇದರಲ್ಲಿ ಈಗ ಯಾವುದು ಬೇಡ?" ಅಂತ ಕೇಳಿ. ಹೊಸ ಔಷಧ ಸೇರಿಸುವವರು ನಾಲ್ಕು ಜನ ಇರುತ್ತಾರೆ, ತೆಗೆಯುವವರನ್ನು ನಾವೇ ಕೇಳಬೇಕು.

ಹೋದ ತಿಂಗಳು ಅಮ್ಮನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಕಣ್ಣಿನ ಒತ್ತಡ ಜಾಸ್ತಿ ಇದೆ, ಹನಿ ಬರೆಯುತ್ತೇನೆ ಅಂತ ಅವರು ಪೆನ್ನು ತಗೊಂಡರು. ಅಮ್ಮ ಕೈಚೀಲದಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿ ಇಟ್ಟರು. ಡಾಕ್ಟರ್ ಮೇಲಿಂದ ಕೆಳಗೆ ಓದಿ, ಮೂರನೇ ಸಾಲಿನ ಮೇಲೆ ಬೆರಳಿಟ್ಟು, "ಮೆಟೊಪ್ರೊಲಾಲ್ ತಗೋತೀರಾ? ನಾಡಿ ನಿಧಾನ ಆಗಿತ್ತಾ ಯಾವಾಗಾದ್ರೂ?" ಅಂತ ಕೇಳಿದರು. ಅಮ್ಮ ನಡೆದದ್ದನ್ನೆಲ್ಲ ಹೇಳಿದರು. "ಹಾಗಾದ್ರೆ ಟಿಮೊಲಾಲ್ ಬೇಡ" ಅಂತ ಅವರು ಬೇರೆ ಹನಿ ಬರೆದರು. ಮನೆಗೆ ಬಂದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು, ಆ ಹೊಸ ಹನಿಯ ಹೆಸರನ್ನು ಬಾಟಲಿ ನೋಡಿ ಒಂದೊಂದೇ ಅಕ್ಷರ ಕೂಡಿಸಿ, ಪಟ್ಟಿಯ ಕೊನೇ ಸಾಲಿನಲ್ಲಿ ತಾವೇ ಬರೆದರು, ಪಕ್ಕದಲ್ಲಿ ತಾರೀಖು ಹಾಕಿದರು.